115 ಕೆವಿ ಟ್ರಾನ್ಸ್‌ಫಾರ್ಮರ್ ಮುಂದೆ ಸರ್ಕಿಟ್ ಸ್ವಿಚರ್ರಾ, ಬ್ರೇಕರ್ರಾ? ಎರಡೂ ಹಾಕಿ ನೋಡಿದ ಮೇಲೆ

ಹೋದ ತಿಂಗಳು ಇಲ್ಲಿನ ಒಂದು ವಿದ್ಯುತ್ ಸಬ್‌ಸ್ಟೇಷನ್ ಫೋಟೋನ ನನ್ನ ಹಳೇ ಸ್ನೇಹಿತನಿಗೆ ಕಳಿಸಿದ್ದೆ, ಅವ್ನು ಊರಲ್ಲಿ ಟ್ರಾನ್ಸ್‌ಮಿಷನ್ ಕಡೆ ಇಂಜಿನಿಯರ್. ನೋಡಿದ ತಕ್ಷಣ ಫೋನ್ ಮಾಡ್ದ. "ಏನ್ ಗುರು ಇದು, 115 ಕೆವಿ ಟ್ರಾನ್ಸ್‌ಫಾರ್ಮರ್ ಮುಂದೆ ಬ್ರೇಕರ್ರೇ ಇಲ್ವಲ್ಲ, ಐಸೊಲೇಟರ್ ಥರ ಏನೋ ನಿಂತಿದೆ, ಫಾಲ್ಟ್ ಆದ್ರೆ ಕಟ್ ಮಾಡೋರು ಯಾರು?" ಅಂದ. ಅವ್ನ ಪ್ರಶ್ನೆ ನ್ಯಾಯವಾದದ್ದೇ. ಫಾಲ್ಟ್, ಅಂದ್ರೆ ಶಾರ್ಟ್ ಆದಾಗ ಹರಿಯೋ ದೊಡ್ಡ ಕರೆಂಟ್ ಕಟ್ ಮಾಡೋದು ಬ್ರೇಕರ್, ಕರೆಂಟ್ ನಿಂತ ಮೇಲೆ ತೆಗೆದು ಕಣ್ಣಿಗೆ ಕಾಣೋ ಗ್ಯಾಪ್ ಕೊಡೋದಷ್ಟೇ ಐಸೊಲೇಟರ್. ನಾನೂ ತುಮಕೂರು ಕಡೆ 66/11 ಸ್ಟೇಷನ್‌ಗಳಲ್ಲಿ ಟೆಸ್ಟಿಂಗ್ ಮಾಡ್ಕೊಂಡಿದ್ದವನು, ಮಿನ್ನೆಸೋಟಕ್ಕೆ ಬಂದು ಮೊದಲನೇ ಸಲ ಸಿಂಗಲ್ ಲೈನ್ ಡ್ರಾಯಿಂಗ್‌ನಲ್ಲಿ ಸಿಎಸ್ ಅಂತ ನೋಡ್ದಾಗ ಅದು ಸರ್ಕಿಟ್ ಸ್ವಿಚರ್ ಅಂತ ಕೇಳಿ ತಿಳ್ಕೊಬೇಕಾಯ್ತು, ಯಾಕಂದ್ರೆ ಕರ್ನಾಟಕದಲ್ಲಿ ನಾನು ಕೆಲ್ಸ ಮಾಡಿದ ಒಂದೇ ಒಂದು ಯಾರ್ಡ್‌ನಲ್ಲೂ ಅಂಥ ಸಾಮಾನು ಇರ್ಲಿಲ್ಲ. ಇದು ಹೆಚ್ಚಾಗಿ ಅಮೆರಿಕ, ಕೆನಡಾ ಕಡೆ ಬೆಳ್ದ ಪದ್ಧತಿ. ಇವತ್ತಿಗೆ ಎರಡೂ ಥರದ್ದನ್ನ ಕೂರಿಸಿ, ಟೆಸ್ಟ್ ಮಾಡಿ, ರಾತ್ರಿ ಹೊತ್ತು ಅಲಾರಂ ಬಂದಾಗ ಓಡಿ ಹೋಗಿ ಹದಿಮೂರು ವರ್ಷ ಆಯ್ತು, ಅದಕ್ಕೇ ಫೋನಲ್ಲಿ ಅವನಿಗೆ ಅರ್ಧಂಬರ್ಧ ಹೇಳಿದ್ದನ್ನ ಇಲ್ಲಿ ಪೂರ್ತಿ ಬರೀತಿದೀನಿ.

ಮೊದ್ಲು ಸ್ವಿಚರ್ ಅಂದ್ರೆ ಏನು ಅಂತ ಹೇಳ್ಬಿಡ್ತೀನಿ. ಪಿಂಗಾಣಿ ಇಲ್ಲಾ ಪಾಲಿಮರ್ ಕಂಬದ ಮೇಲೆ ಎಸ್‌ಎಫ್6 ಅನ್ನೋ ಗ್ಯಾಸ್ ತುಂಬಿರೋ ಇಂಟರಪ್ಟರ್, ಅಂದ್ರೆ ಕರೆಂಟ್ ಕಟ್ ಮಾಡೋ ಭಾಗ, ಇರುತ್ತೆ, ಹಳೇ ಮಾದರಿಗಳಲ್ಲಿ ಅದರ ಜೊತೆಗೇ ಸೀರೀಸಲ್ಲಿ ಒಂದು ಐಸೊಲೇಟರ್ ಬ್ಲೇಡ್, ಕೆಳಗೆ ಒಂದು ಮೋಟಾರ್ ಮೆಕ್ಯಾನಿಸಮ್, ಅಷ್ಟೇ. ಟ್ರಿಪ್, ಅಂದ್ರೆ ಕಟ್ ಮಾಡು ಅನ್ನೋ ಆದೇಶ, ಬಂದ್ರೆ ಮೊದ್ಲು ಇಂಟರಪ್ಟರ್ ಒಳಗೆ ಆರ್ಕ್ ಆರುತ್ತೆ, ಆಮೇಲೆ ಬ್ಲೇಡ್ ತೆರ್ಕೊಳುತ್ತೆ. ಬ್ರೇಕರ್ ಥರಾನೇ ಫಾಲ್ಟ್ ಕರೆಂಟ್ ಕಟ್ ಮಾಡುತ್ತೆ, ಆದ್ರೆ ಬ್ರೇಕರ್ ಅಷ್ಟು ಕಿಲೋ ಆಂಪ್ ಅಲ್ಲ, ಅಷ್ಟು ಬೇಗ ಅಲ್ಲ, ಕಟ್ ಮಾಡಿ 0.3 ಸೆಕೆಂಡಲ್ಲಿ ಮತ್ತೆ ಕ್ಲೋಸ್ ಆಗಿ ಮತ್ತೆ ಕಟ್ ಮಾಡೋ ಡ್ಯೂಟಿಗೂ ಇದನ್ನ ಮಾಡಿಲ್ಲ. ಇದಕ್ಕೆ ಅಂತಾನೇ ಬೇರೆ ಸ್ಟ್ಯಾಂಡರ್ಡ್ ಇದೆ, ಐಟ್ರಿಪಲ್‌ಇ ಸಿ37.016, ವೋಲ್ಟೇಜ್ 15.5 ರಿಂದ 245 ಕೆವಿ ತನಕ. ನಮ್ಮ ದೇಶದಲ್ಲಿ ಅನುಸರಿಸೋ ಐಇಸಿ ಕಡೆ ಫ್ಯೂಸ್ಡ್ ಸರ್ಕಿಟ್ ಸ್ವಿಚರ್ ಅಂತ 62271-107 ಇದೆ, ಹೆಸರು ಒಂದೇ ಥರ ಕೇಳ್ಸುತ್ತೆ ಅಂತ ಅದನ್ನೂ ಇದನ್ನೂ ಒಂದು ಅಂದ್ಕೋಬೇಡಿ, ಅದು 52 ಕೆವಿ ತನಕದ ಫ್ಯೂಸ್ ಇರೋ ಬೇರೆ ಸಾಮಾನು.

ಇದು ಯಾಕೆ ಹುಟ್ತು ಅಂತ ಗೊತ್ತಾದ್ರೆ ಅರ್ಧ ಪ್ರಶ್ನೆ ಅಲ್ಲೇ ಬಗೆಹರಿಯುತ್ತೆ. ಅಮೆರಿಕದ ಹಳ್ಳಿಗಾಡು ದೊಡ್ಡದು, ಎರಡು ಸ್ಟೇಷನ್ ನಡುವೆ ಉದ್ದಕ್ಕೆ ಲೈನ್ ಹೋಗ್ತಿರುತ್ತೆ, ನಡುವೆ ಒಂದು ಊರು ಸಿಕ್ತು ಅಂದ್ರೆ ಆ ಲೈನ್‌ಗೆ ಟ್ಯಾಪ್ ಹೊಡ್ದು ಒಂದೇ ಒಂದು ಟ್ರಾನ್ಸ್‌ಫಾರ್ಮರ್ ಇಟ್ಬಿಡ್ತಾರೆ. ಅದಕ್ಕೆ ಮೊದ್ಲು ಪವರ್ ಫ್ಯೂಸ್ ಹಾಕೋರು, ಒಂದು ಫೇಸ್ ಫ್ಯೂಸ್ ಹೋದ್ರೆ ಉಳಿದೆರಡು ಫೇಸಲ್ಲಿ ಊರಿನ ಮೋಟರ್‌ಗಳೆಲ್ಲ ಒದ್ದಾಡೋವು, ಮತ್ತೆ ಟ್ರಾನ್ಸ್‌ಫಾರ್ಮರ್ ಒಳಗಿನ ಸಣ್ಣ ಫಾಲ್ಟ್ ರಿಲೇಗೆ, ಅಂದ್ರೆ ಫಾಲ್ಟ್ ಗುರುತಿಸಿ ಟ್ರಿಪ್ ಕೊಡೋ ಸಾಧನಕ್ಕೆ, ಗೊತ್ತಾದ್ರೂ ಫ್ಯೂಸ್‌ಗೆ ಟ್ರಿಪ್ ಕೊಡಕ್ಕೆ ಆಗಲ್ವಲ್ಲ. ಇನ್ನೊಂದು ದಾರಿ ಗ್ರೌಂಡಿಂಗ್ ಸ್ವಿಚ್. ಟ್ರಾನ್ಸ್‌ಫಾರ್ಮರ್ ಒಳಗೆ ಫಾಲ್ಟ್ ಅಂತ ರಿಲೇ ಹೇಳಿದ್ರೆ ಸ್ಪ್ರಿಂಗ್ ಬಿಚ್ಕೊಂಡು ಒಂದು ಬ್ಲೇಡ್ ಬಂದು ಲೈನನ್ನೇ ನೆಲಕ್ಕೆ ಬಡೀತಿತ್ತು, ಬೇಕಂತಲೇ ದೊಡ್ಡ ಫಾಲ್ಟ್ ಮಾಡಿ ದೂರದ ಎರಡೂ ತುದಿ ಬ್ರೇಕರ್ ಟ್ರಿಪ್ ಆಗೋ ಹಾಗೆ ಮಾಡೋದು, ಲೈನ್ ಸತ್ತಿರೋ ಆ ಒಂದೆರಡು ಕ್ಷಣದಲ್ಲಿ ಮೋಟಾರ್ ಐಸೊಲೇಟರ್ ತೆಗೆದು ಟ್ರಾನ್ಸ್‌ಫಾರ್ಮರನ್ನ ಬೇರೆ ಮಾಡೋದು. ಇಂಥ ಒಂದು ಸ್ವಿಚ್ ನಾನು ಕಳಚಿದ್ದೀನಿ, ಕಾಂಟ್ಯಾಕ್ಟ್ ಮೇಲಿನ ತಾಮ್ರ ಕರಗಿ ಮೇಣದ ಥರ ಇಳಿದಿತ್ತು. ಈ ಎರಡಕ್ಕೂ ಬದಲಾಗಿ ಬಂದಿದ್ದು ಸ್ವಿಚರ್. ಇದರಲ್ಲಿ ದೊಡ್ಡ ಹೆಸರು ಚಿಕಾಗೋದ ಎಸ್ ಅಂಡ್ ಸಿ, 1911ರಲ್ಲಿ ಶ್ವೈಟ್ಜರ್ ಮತ್ತೆ ಕಾನ್ರಾಡ್ ಅನ್ನೋ ಇಬ್ಬರು ಫ್ಯೂಸ್ ಮಾಡಕ್ಕೆ ಶುರು ಮಾಡಿದ ಕಂಪನಿ. ಆ ಶ್ವೈಟ್ಜರ್ ಅವರ ಮೊಮ್ಮಗನೇ 1982ರಲ್ಲಿ ಎಸ್‌ಇಎಲ್ ರಿಲೇ ಕಂಪನಿ ಕಟ್ಟಿದ್ದು. ತಾತ ಕಟ್ ಮಾಡೋ ಸಾಮಾನು, ಮೊಮ್ಮಗ ಕಟ್ ಮಾಡು ಅಂತ ಹೇಳೋ ಸಾಮಾನು, ಈಗ ನಮ್ ಪ್ಯಾನೆಲ್‌ಗಳಲ್ಲಿ ಎರಡೂ ಒಟ್ಟಿಗೇ ಇರ್ತವೆ.

ಸರಿ, ಈಗ ಲೆಕ್ಕಕ್ಕೆ ಬರೋಣ. ನಾವು ಹೆಚ್ಚಾಗಿ ಹಾಕೋದು 115/13.8 ಕೆವಿ, 28 ಎಂವಿಎ ಟ್ರಾನ್ಸ್‌ಫಾರ್ಮರ್, ಇಂಪಿಡೆನ್ಸ್, ಅಂದ್ರೆ ಕರೆಂಟ್‌ಗೆ ಅದರೊಳಗಿನ ತಡೆ, ಶೇ 9ರ ಹತ್ರ. ಫುಲ್ ಲೋಡ್‌ಗೆ 115 ಕಡೆ 141 ಆಂಪ್. 13.8 ಬಸ್ಸಲ್ಲಿ, ಅಂದ್ರೆ ಆ ಕಡೆ ಕರೆಂಟ್ ಹಂಚೋ ಕಂಬಿಗಳಲ್ಲಿ, ಮೂರೂ ಫೇಸ್ ಪೂರ್ತಿ ಶಾರ್ಟ್ ಆಗೋ ತ್ರೀ ಫೇಸ್ ಬೋಲ್ಟೆಡ್ ಫಾಲ್ಟ್ ಆದ್ರೂ, ಹಿಂದಿರೋ ಸೋರ್ಸ್ ಎಷ್ಟೇ ದೊಡ್ಡದಿರ್ಲಿ ಅಂದ್ಕೊಂಡ್ರೂ, 115 ಕಡೆ ಬರೋದು 141ನ್ನ 0.09ರಿಂದ ಭಾಗ್ಸಿದಷ್ಟೇ, ಅಂದ್ರೆ ಸುಮಾರು 1560 ಆಂಪ್. ಅದೇ ಕ್ಷಣ 13.8 ಕಡೆ 13 ಕಿಲೋ ಆಂಪ್ ಹರೀತಿರುತ್ತೆ, ಆದ್ರೆ ಮುಂದೆ ನಿಂತಿರೋ ಸಾಮಾನಿಗೆ ಅದರ ಬಿಸಿ ತಟ್ಟಲ್ಲ, ಟ್ರಾನ್ಸ್‌ಫಾರ್ಮರ್ರೇ ತಡೆ ಹಿಡಿಯುತ್ತೆ. ಸ್ಟೇಷನ್‌ನ ಜೀವಮಾನದಲ್ಲಿ ಆಗೋ ಫಾಲ್ಟ್‌ಗಳಲ್ಲಿ ಜಾಸ್ತಿ ಈ ಜಾತಿಯವೇ, ಇಲ್ಲಿ ಅಳಿಲು 13.8 ಬುಶಿಂಗ್ (ಟ್ಯಾಂಕಿಂದ ತಂತಿ ಹೊರಗೆ ಬರೋ ಇನ್ಸುಲೇಟರ್) ಮೇಲೆ ಹತ್ತೋದು ಮಾಮೂಲಿ, ಊರಲ್ಲಿ ಹಾವು, ಹಲ್ಲಿ ಇದ್ದ ಹಾಗೆ. ಈ 1560 ಆಂಪ್ ಕಟ್ ಮಾಡಕ್ಕೆ 40 ಕೆಎ (ಕಿಲೋ ಆಂಪ್) ಬ್ರೇಕರ್ ಯಾಕೆ ಅನ್ನೋದೇ ಸ್ವಿಚರ್ ಪರ ಇರೋರ ವಾದ, ಮತ್ತು ಅದು ಸರಿಯಾದ ವಾದ.

ಇನ್ನೊಂದು ಮಾತು, ಇದನ್ನ ಬ್ರೇಕರ್ ಪ್ರೇಮಿಗಳು ಮರೀತಾರೆ. ಟ್ರಾನ್ಸ್‌ಫಾರ್ಮರ್‌ನಿಂದ ಮಿತಿಗೊಳಗಾದ ಈ ಥರ ಫಾಲ್ಟ್‌ನಲ್ಲಿ ಕರೆಂಟ್ ಕಮ್ಮಿ ಇದ್ರೂ, ಕಟ್ ಆದ ಮರುಕ್ಷಣ ಕಾಂಟ್ಯಾಕ್ಟ್‌ಗಳ ನಡುವೆ ಏಳೋ ವೋಲ್ಟೇಜ್, ಟಿಆರ್‌ವಿ ಅಂತೀವಲ್ಲ, ಅದು ತುಂಬಾ ಕಡಿದಾಗಿ ಏರುತ್ತೆ. ಟ್ರಾನ್ಸ್‌ಫಾರ್ಮರ್‌ನ ಇಂಡಕ್ಟನ್ಸ್ ಜಾಸ್ತಿ, ಸುತ್ತ ಇರೋ ಕೆಪಾಸಿಟೆನ್ಸ್ ಕಮ್ಮಿ, ಅದಕ್ಕೆ ಆ ಅಲೆಯ ಫ್ರೀಕ್ವೆನ್ಸಿ ಜಾಸ್ತಿ. ಸ್ವಿಚರ್‌ಗಳನ್ನ ಈ ಕೆಲ್ಸಕ್ಕೇ ಅಂತ ಟೆಸ್ಟ್ ಮಾಡಿ ಕೊಡ್ತಾರೆ. ಬ್ರೇಕರ್ ಕೊಳ್ಳುವಾಗ 40 ಕೆಎ ಇದೆಯಲ್ಲ, ಎಲ್ಲಾನೂ ಕಟ್ ಮಾಡುತ್ತೆ ಅಂತ ಸುಮ್ನಿರೋ ಹಾಗಿಲ್ಲ, ಈ ಟಿಆರ್‌ವಿಗೆ ಟೆಸ್ಟ್ ಆಗಿದ್ಯಾ ಅಂತ ತಯಾರಕರನ್ನ ಬಿಡ್ದೆ ಕೇಳ್ಬೇಕು. ನಾನು ಪ್ರತಿ ಸ್ಪೆಕ್‌ನಲ್ಲೂ ಇದನ್ನ ಬರೀತೀನಿ.

ಹಾಗಾದ್ರೆ ಸ್ವಿಚರ್ರೇ ಸಾಕಲ್ಲ ಅನ್ಸುತ್ತೆ. ನನಗೂ ನಾಲ್ಕೈದು ವರ್ಷ ಹಾಗೇ ಅನ್ಸಿತ್ತು. ಆಮೇಲೆ ಒಂದು ರಾತ್ರಿ ಬಂತು.

ಬೇಸಿಗೆ, ಜೋರು ಗುಡುಗು ಸಿಡಿಲು, ನಮ್ಮದೇ ಒಂದು ಟ್ಯಾಪ್ ಸ್ಟೇಷನ್, ಸ್ವಿಚರ್ ಇರೋದು. ಲೈನ್‌ನ ಎರಡೂ ತುದಿ ಟ್ರಿಪ್ ಆಯ್ತು, ರಿಕ್ಲೋಸ್, ಅಂದ್ರೆ ತಾನಾಗೇ ಮತ್ತೆ ಕ್ಲೋಸ್, ಆಯ್ತು, ಮತ್ತೆ ಟ್ರಿಪ್, ಮತ್ತೊಂದು ಸಲ ರಿಕ್ಲೋಸ್, ಮತ್ತೆ ಟ್ರಿಪ್ ಆಗಿ ಲಾಕೌಟ್. ಆ ಲೈನ್ ಮೇಲಿದ್ದ ಇನ್ನೆರಡು ಊರೂ ಕತ್ತಲು. ನಮ್ ಟ್ರಾನ್ಸ್‌ಫಾರ್ಮರ್ ಡಿಫರೆನ್ಷಿಯಲ್ ರಿಲೇನಲ್ಲಿ, ಅಂದ್ರೆ ಒಳಗೆ ಹೋಗೋ ಕರೆಂಟೂ ಹೊರಗೆ ಬರೋ ಕರೆಂಟೂ ಹೋಲಿಸಿ ನೋಡೋದರಲ್ಲಿ, ಏನೂ ಇಲ್ಲ, ಸಡನ್ ಪ್ರೆಶರ್ ರಿಲೇ, ಅಂದ್ರೆ ಟ್ಯಾಂಕ್ ಒಳಗೆ ಒತ್ತಡ ದಿಢೀರ್ ಏರಿದ್ರೆ ಹಿಡಿಯೋದು, ನಮ್ಮ ಕಡೆ ಬುಕೋಲ್ಜ್ ರಿಲೇ ಮಾಡೋ ಕೆಲ್ಸ ಮಾಡೋದು, ಅದರಲ್ಲೂ ಏನೂ ಇಲ್ಲ, ಸ್ವಿಚರ್ ಕ್ಲೋಸ್ ಆಗೇ ಇದೆ. ಎಲ್ಲರೂ ಲೈನ್ ಮೇಲೆ ಮರ ಬಿದ್ದಿದೆ ಅಂತಾನೇ ಅಂದ್ಕೊಂಡ್ರು. ಲೈನ್‌ಮನ್‌ಗಳು ಮಳೇಲಿ ಟಾರ್ಚ್ ಹಿಡ್ಕೊಂಡು ಪೆಟ್ರೋಲಿಂಗ್ ಹೋದ್ರು, ಬೆಳಗಿನ ಜಾವದ ತನಕ ಓಡಾಡಿದ್ರು, ಒಂದು ಕೊಂಬೆಯೂ ಸಿಗ್ಲಿಲ್ಲ. ದೂರದ ತುದಿ ಡಿಸ್ಟೆನ್ಸ್ ರಿಲೇ ತೋರ್ಸಿದ ದೂರ ನಮ್ ಟ್ಯಾಪ್ ಹತ್ರಾನೇ ಬಂದು ನಿಲ್ತಿತ್ತು, ಅದಕ್ಕೆ ಬೆಳಿಗ್ಗೆ ನಾನು ಯಾರ್ಡ್ ಒಳಗೆ ಹೋಗಿ ಒಂದೊಂದೇ ನೋಡ್ತಾ ಬಂದೆ. ಟ್ರಾನ್ಸ್‌ಫಾರ್ಮರ್ ಟ್ಯಾಂಕ್ ಮೇಲೆ, 115 ಬುಶಿಂಗ್ ಪಕ್ಕ ನಿಂತಿರೋ ಲೈಟ್ನಿಂಗ್ ಅರೆಸ್ಟರ್ (ಎಲ್‌ಎ, ಸಿಡಿಲಿನ ಏಟನ್ನ ನೆಲಕ್ಕೆ ಹರಿಸೋದು), ಬಿ ಫೇಸ್‌ದು, ಅದರ ಬೂದು ಬಣ್ಣದ ಪಾಲಿಮರ್ ಒಂದು ಪಕ್ಕ ಉದ್ದಕ್ಕೆ ಸೀಳಿತ್ತು, ಒಳಗಿನ ಕಪ್ಪು ಡಿಸ್ಕ್‌ಗಳು ಕಾಣ್ತಿದ್ವು, ಕೆಳಗೆ ಜಲ್ಲಿ ಮೇಲೆ ಮಸಿ ಚೆಲ್ಲಿತ್ತು.

ಯಾಕೆ ಹೀಗಾಯ್ತು ಅಂತ ಯೋಚ್ನೆ ಮಾಡಿ. ಸ್ವಿಚರ್‌ಗೆ ಸ್ವಂತ ಸಿಟಿ, ಅಂದ್ರೆ ಕರೆಂಟ್ ಅಳೆದು ರಿಲೇಗೆ ಹೇಳೋ ಕರೆಂಟ್ ಟ್ರಾನ್ಸ್‌ಫಾರ್ಮರ್, ಇಲ್ಲ. ಡಿಫರೆನ್ಷಿಯಲ್‌ಗೆ ಬೇಕಾದ ಸಿಟಿ ಟ್ರಾನ್ಸ್‌ಫಾರ್ಮರ್‌ನ ಬುಶಿಂಗ್ ಬುಡದಲ್ಲಿ, ಟ್ಯಾಂಕ್ ಒಳಗೆ ಕೂತಿದೆ. ಅರೆಸ್ಟರ್ ತಂತಿ ಸೇರೋದು ಬುಶಿಂಗ್ ತಲೆಗೆ. ಅಂದ್ರೆ ಅರೆಸ್ಟರ್‌ಗೆ ಹೋದ ಫಾಲ್ಟ್ ಕರೆಂಟ್ ಆ ಸಿಟಿ ಒಳಗೆ ಹಾಯಲೇ ಇಲ್ಲ. ಸ್ವಿಚರ್‌ನಿಂದ ಬುಶಿಂಗ್ ತಲೆ ತನಕದ ಆ ಹದಿನೈದು ಇಪ್ಪತ್ತು ಅಡಿ ಬಸ್ಸು, ಅರೆಸ್ಟರ್ರು, ಎಲ್ಲಾ ನಮ್ ಸ್ಟೇಷನ್ ಬೇಲಿ ಒಳಗೇ ಇದ್ರೂ ನಮ್ ರಿಲೇಗೆ ಕಾಣಲ್ಲ, ಅದು ದೂರದ ಲೈನ್ ರಿಲೇಗಳ ಪಾಲು. ಕಟ್ ಮಾಡಿ ಬೇರೆ ಮಾಡೋ ಸಾಮಾನು ಸರಿಯಾದ ಜಾಗದಲ್ಲೇ ನಿಂತಿತ್ತು, ಆದ್ರೆ ಅದಕ್ಕೆ ಕಣ್ಣಿರ್ಲಿಲ್ಲ, ಅದಕ್ಕೆ ದೂರದೋರು ಎರಡು ಸಲ ಆ ಒಡೆದ ಅರೆಸ್ಟರ್ ಮೇಲೇ ರಿಕ್ಲೋಸ್ ಮಾಡಿದ್ರು, ಟ್ರಾನ್ಸ್‌ಫಾರ್ಮರ್ ಮೇಲೂ ಮೂರು ಸಲ ಆ ಏಟು ಬಿತ್ತು.

ಆವತ್ತು ನನಗೆ ತುಮಕೂರಿನ ಯಾರ್ಡ್ ನೆನಪಾಯ್ತು. ಅಲ್ಲಿ 66 ಕೆವಿ ಬ್ರೇಕರ್ ಲೈವ್ ಟ್ಯಾಂಕ್, ಅಂದ್ರೆ ಕಟ್ ಮಾಡೋ ಭಾಗ ಲೈನ್ ವೋಲ್ಟೇಜ್‌ನಲ್ಲೇ ಕಂಬದ ಮೇಲಿರೋದು, ಅದರ ಪಕ್ಕದಲ್ಲೇ ಸಿಟಿಗಳು ಪ್ರತ್ಯೇಕ ಸ್ಟ್ರಕ್ಚರ್ ಮೇಲೆ ಸಾಲಾಗಿ ನಿಂತಿರ್ತವೆ, ಆಮೇಲೆ ಎಲ್‌ಎ, ಆಮೇಲೆ ಟ್ರಾನ್ಸ್‌ಫಾರ್ಮರ್. ಡಿಫರೆನ್ಷಿಯಲ್‌ನ ಹೈ ವೋಲ್ಟೇಜ್ ಕಡೆಯ ಸಿಟಿ ಅಂದ್ರೆ ಅದೇ. ಎಲ್‌ಎ ಹೋದ್ರೆ ಅದು ಡಿಫರೆನ್ಷಿಯಲ್ ಒಳಗಿನ ಫಾಲ್ಟು, ನಮ್ ಬ್ರೇಕರ್ರೇ ತೆಗೆಯುತ್ತೆ, ಲೈನ್‌ಗೆ ಏನೂ ಆಗಲ್ಲ. ಆಗ ನಾವು ಇದನ್ನ ದೊಡ್ಡ ವಿಷ್ಯ ಅಂತ ಯಾವತ್ತೂ ಅಂದ್ಕೊಂಡಿರ್ಲಿಲ್ಲ, ಸಿಟಿ ಅಲ್ಲಿ ಇರುತ್ತೆ ಅಷ್ಟೇ ಅಂತ ಇದ್ವಿ. ಇಲ್ಲಿ ಹಾಕೋ ಡೆಡ್ ಟ್ಯಾಂಕ್, ಅಂದ್ರೆ ಅರ್ಥ್ ಮಾಡಿದ ಲೋಹದ ಟ್ಯಾಂಕ್ ಇರೋ, ಬ್ರೇಕರ್‌ನಲ್ಲಿ ಸಿಟಿ ಬ್ರೇಕರ್‌ನ ಬುಶಿಂಗ್ ಬುಡದಲ್ಲೇ ಎರಡೂ ಕಡೆ ಬರ್ತವೆ, ಲೈನ್ ಕಡೆಯದ್ದನ್ನ ಟ್ರಾನ್ಸ್‌ಫಾರ್ಮರ್ ಡಿಫರೆನ್ಷಿಯಲ್‌ಗೂ ಟ್ರಾನ್ಸ್‌ಫಾರ್ಮರ್ ಕಡೆಯದ್ದನ್ನ ಲೈನ್ ಇಲ್ಲಾ ಬಸ್ ರಿಲೇಗೂ ಕೊಟ್ರೆ ಎರಡು ಝೋನ್, ಅಂದ್ರೆ ಎರಡು ರಿಲೇ ಕಾಯೋ ಜಾಗಗಳು, ಬ್ರೇಕರ್ ಮೇಲೆ ಒಂದರ ಮೇಲೊಂದು ಹೊದ್ಕೊಳ್ತವೆ, ಸಂದೇ ಇರಲ್ಲ. ಅದಕ್ಕೇ ನಾನು ಯಾರಾದ್ರೂ ಸ್ವಿಚರ್ರಾ ಬ್ರೇಕರ್ರಾ ಅಂತ ಕೇಳಿದ್ರೆ ಎಷ್ಟು ಕೆಎ ಅಂತ ಮೊದ್ಲು ಕೇಳಲ್ಲ, ಸಿಟಿ ಎಲ್ಲಿದೆ ಅಂತ ಕೇಳ್ತೀನಿ. ಕಿಲೋ ಆಂಪ್ ಜಗಳದಲ್ಲಿ ಎಲ್ಲರೂ ಇರ್ತಾರೆ, ಈ ವಿಷ್ಯ ಮಾತ್ರ ಯಾರ ಬಾಯಲ್ಲೂ ಬರಲ್ಲ.

ಸ್ವಿಚರ್ ಪಕ್ಕ ಬೇರೆ ಸಿಟಿ ನಿಲ್ಸಬಹುದಲ್ಲ ಅಂತೀರಾ, ನಿಲ್ಸಬಹುದು. ಆದ್ರೆ 115 ಕೆವಿ ಫ್ರೀಸ್ಟ್ಯಾಂಡಿಂಗ್ ಸಿಟಿ ಮೂರು, ಅದಕ್ಕೆ ಸ್ಟ್ರಕ್ಚರ್, ಫೌಂಡೇಷನ್, ಕೇಬಲ್, ಇಷ್ಟೆಲ್ಲಾ ಸೇರಿಸಿದ್ರೆ ಸ್ವಿಚರ್‌ನಲ್ಲಿ ಉಳಿಸಿದ ದುಡ್ಡು ಅಲ್ಲಿಗೇ ಹೋಯ್ತು. ನಾವು ಆ ಸ್ಟೇಷನ್‌ಗೆ ಲೆಕ್ಕ ಹಾಕಿ ನೋಡಿದ್ವಿ, ಬ್ರೇಕರ್ ಹಾಕಿದ್ರೇ ವಾಸಿ ಅಂತ ಬಂತು.

ಇಷ್ಟು ಹೇಳಿದ ಮೇಲೆ ಬ್ರೇಕರ್ ಕಡೆಯದ್ದೂ ಹೇಳ್ಬೇಕು, ಇಲ್ದಿದ್ರೆ ಅನ್ಯಾಯ ಆಗುತ್ತೆ. 2019ರ ಜನವರಿ ಕೊನೆ, ಇಲ್ಲಿ ಪೋಲಾರ್ ವೋರ್ಟೆಕ್ಸ್ ಅಂತ ಬಂದಿತ್ತು, ಮೈನಸ್ 30 ಸೆಲ್ಸಿಯಸ್‌ಗಿಂತ ಕೆಳಗೆ, ಗಾಳಿ ಬೇರೆ. ರಾತ್ರಿ ಎರಡೂವರೆಗೆ ಒಂದು ಡೆಡ್ ಟ್ಯಾಂಕ್ ಬ್ರೇಕರ್‌ನಿಂದ ಲೋ ಗ್ಯಾಸ್ ಅಲಾರಂ, ಮುಕ್ಕಾಲು ಗಂಟೆ ಆದ್ಮೇಲೆ ಎರಡನೇ ಸ್ಟೇಜ್, ಅಂದ್ರೆ ಲಾಕೌಟ್, ಇನ್ನು ಟ್ರಿಪ್ ಬಂದ್ರೂ ಬ್ರೇಕರ್ ಅಲ್ಲಾಡಲ್ಲ. ಗ್ಯಾಸ್ ಎಲ್ಲೂ ಸೋರಿರ್ಲಿಲ್ಲ. ಎಸ್‌ಎಫ್6 ಆ ಪ್ರೆಶರ್‌ನಲ್ಲಿ ಮೈನಸ್ 30ರ ಆಸುಪಾಸು ದ್ರವ ಆಗಕ್ಕೆ ಶುರುವಾಗುತ್ತೆ, ಅದಕ್ಕೇ ಟ್ಯಾಂಕ್ ಹೊಟ್ಟೆಗೆ ಹೀಟರ್ ಕಂಬಳಿ ಸುತ್ತಿರ್ತಾರೆ. ನಾನು ಹೋಗಿ ಥರ್ಮಲ್ ಕ್ಯಾಮೆರಾ ಹಿಡಿದ್ರೆ ಮೂರು ಟ್ಯಾಂಕಲ್ಲಿ ಎರಡು ಹಳದಿ, ಒಂದು ಕಡು ನೀಲಿ. ಆ ಒಂದರ ಹೀಟರ್ ಎಲಿಮೆಂಟ್ ಓಪನ್ ಆಗಿತ್ತು. ಮೂರೂ ಟ್ಯಾಂಕ್‌ಗೆ ಗ್ಯಾಸ್ ಪೈಪು ಒಂದೇ, ಡೆನ್ಸಿಟಿ ಮಾನಿಟರ್ ಒಂದೇ, ಹಾಗಾಗಿ ತಣ್ಣಗಿರೋ ಟ್ಯಾಂಕ್ ತಳದಲ್ಲಿ ದ್ರವ ಕೂಡ್ತಾ ಹೋದ ಹಾಗೆ ಬೆಚ್ಚಗಿರೋ ಎರಡರ ಗ್ಯಾಸೂ ಆ ಕಡೆಗೇ ಎಳ್ಕೊಂಡು ಹೋಯ್ತು. ಬೆಳಗಾಗೋ ತನಕ ಆ ಟ್ರಾನ್ಸ್‌ಫಾರ್ಮರ್‌ಗೆ ಹತ್ರದಲ್ಲಿ ಕಟ್ ಮಾಡೋರು ಯಾರೂ ಇರ್ಲಿಲ್ಲ, ಏನಾದ್ರೂ ಆದ್ರೆ ಲೈನೇ ಹೋಗ್ಬೇಕಿತ್ತು. ಕೈಗವಸು ಬಿಚ್ಚಿ ಎರಡು ನಿಮಿಷ ಸ್ಕ್ರೂ ತಿರುಗಿಸಿದ್ರೆ ಬೆರಳು ಸ್ಪರ್ಶ ಕಳ್ಕೊಳೋ ಚಳಿ ಅದು, ಹೊಸ ಕಂಬಳಿ ತಂದು ಸುತ್ತೋಷ್ಟ್ರಲ್ಲಿ ಮಧ್ಯಾಹ್ನ ಆಯ್ತು.

ಅದೇ ಚಳೀಲಿ ಹತ್ತು ಮೈಲಿ ಆಚೆ ಸ್ವಿಚರ್ ಸ್ಟೇಷನ್‌ನಲ್ಲಿ ಏನೂ ತೊಂದ್ರೆ ಬರ್ಲಿಲ್ಲ. ಅದಕ್ಕೆ ಟ್ಯಾಂಕ್ ಇಲ್ಲ, ಕಂಬಳಿ ಇಲ್ಲ, ಮೆಕ್ಯಾನಿಸಮ್ ಡಬ್ಬದೊಳಗೆ ಒಂದು ಪುಟ್ಟ ಹೀಟರ್ ಬಿಟ್ರೆ ಬಿಸಿ ಮಾಡೋದು ಏನೂ ಇಲ್ಲ. ಬ್ರೇಕರ್‌ಗೆ ಎಸ್‌ಎಫ್6 ಜೊತೆ ನೈಟ್ರೋಜನ್ ಇಲ್ಲಾ ಸಿಎಫ್4 ಬೆರೆಸಿ ತರಿಸ್ಕೊಂಡ್ರೆ ಈ ಕಾಟ ತಪ್ಪುತ್ತೆ, ಆದ್ರೆ 40 ಕೆಎ ಇದ್ದದ್ದು 31.5ಕ್ಕೆ ಇಳಿಯುತ್ತೆ. ನಮ್ 115 ಸಿಸ್ಟಂನಲ್ಲಿ ಹೆಚ್ಚಿನ ಕಡೆ ಅಷ್ಟು ಧಾರಾಳ ಸಾಕು.

ಬ್ಲೇಡ್ ಇರೋ ಹಳೇ ಸ್ವಿಚರ್‌ಗೆ ಮಾತ್ರ ಮಂಜುಗಡ್ಡೆ ಮಳೆ ಶತ್ರು. ಒಂದ್ಸಲ ಬ್ಲೇಡ್ ಪೂರ್ತಿ ಕೂರದೆ ಅರ್ಧಕ್ಕೆ ನಿಂತಿದ್ದು ನೋಡಿದ್ದೀನಿ, ನಾವು ಅಲ್ಲೇ ಇದ್ವಿ, ತಕ್ಷಣ ಓಪನ್ ಕೊಟ್ವಿ, ಬಚಾವಾಯ್ತು. ಹೊಸ ಮಾದರಿಗಳಲ್ಲಿ ಬ್ಲೇಡ್ ಬಿಟ್ಟು ಬರೀ ಇಂಟರಪ್ಟರ್ ಇರೋದೂ ಸಿಗುತ್ತೆ, ಆಗ ಐಸೊಲೇಟರ್ ಬೇರೆ ಹಾಕ್ಬೇಕು. ಆದ್ರೆ ಬ್ಲೇಡ್‌ನ ಒಂದು ಉಪಕಾರ ದೊಡ್ಡದು, ಎಲ್‌ಸಿ, ಅಂದ್ರೆ ಲೈನ್ ಕ್ಲಿಯರ್ ಅನುಮತಿ, ತಗೊಂಡು ಟ್ರಾನ್ಸ್‌ಫಾರ್ಮರ್ ಮೇಲೆ ಹತ್ತೋನಿಗೆ ಕಣ್ಣಿಗೆ ಕಾಣೋ ಗ್ಯಾಪ್ ಬೇಕು. ಬ್ರೇಕರ್ ಓಪನ್ ಅಂತ ಹಸಿರು ಲೈಟ್ ತೋರ್ಸಿದ್ರೂ ಒಳಗೆ ಏನಾಗಿದೆ ಅಂತ ಯಾರಿಗ್ಗೊತ್ತು, ಅದಕ್ಕೇ ಬ್ರೇಕರ್ ಜೊತೆ ಐಸೊಲೇಟರ್ ಕಡ್ಡಾಯ, ಅದರ ಜಾಗ, ಅದರ ಖರ್ಚು ಸೇರಿಸಿ ಲೆಕ್ಕ ಹಾಕ್ಬೇಕು. ಹೋಲಿಕೆ ಮಾಡೋರು ಬ್ರೇಕರ್ ಕೊಟೇಶನ್ನೂ ಸ್ವಿಚರ್ ಕೊಟೇಶನ್ನೂ ಅಕ್ಕಪಕ್ಕ ಇಟ್ಟು ನೋಡ್ತಾರೆ, ಅದು ತಪ್ಪು ಲೆಕ್ಕ, ಪೂರ್ತಿ ಬೇ, ಅಂದ್ರೆ ಜೊತೆಗೆ ಬೇಕಾದ ಎಲ್ಲಾ ಸಾಮಾನು ಸೇರಿಸಿ, ಇಟ್ಟು ನೋಡ್ಬೇಕು.

ಮೆಂಟೆನೆನ್ಸ್ ವಿಷ್ಯದಲ್ಲಿ ನನಗೆ ಸ್ವಿಚರ್ರೇ ಇಷ್ಟ. ಕಾಂಟ್ಯಾಕ್ಟ್ ರೆಸಿಸ್ಟೆನ್ಸ್ ಮೈಕ್ರೋ ಓಮ್‌ನಲ್ಲಿ ನೋಡಿ, ಟೈಮಿಂಗ್ ತೆಗೆದು, ಇಂಟರಪ್ಟರ್ ತುದಿಯ ಗ್ಯಾಸ್ ಇಂಡಿಕೇಟರ್ ನೋಡಿ, ಮೆಕ್ಯಾನಿಸಮ್ ಡಬ್ಬದೊಳಗಿನ ಕಣಜದ ಗೂಡು ತೆಗೆದು ಗ್ರೀಸ್ ಹಾಕಿದ್ರೆ ಅರ್ಧ ದಿನಕ್ಕೆ ಮುಗೀತು. ನಮ್ ಹತ್ರ ಇರೋ ಸ್ವಿಚರ್‌ಗಳಲ್ಲಿ ಇಂಟರಪ್ಟರ್ ಸೀಲ್ ಆಗಿ ಬರುತ್ತೆ, ಗ್ಯಾಸ್ ಕಮ್ಮಿ ಆದ್ರೆ ಸೈಟ್‌ನಲ್ಲಿ ತುಂಬೋ ಪ್ರಶ್ನೆ ಇಲ್ಲ, ಇಂಟರಪ್ಟರ್ರೇ ಬದಲಾಯಿಸೋದು. ಬ್ರೇಕರ್‌ಗೆ ಗ್ಯಾಸ್ ಕಾರ್ಟ್ ತರ್ಬೇಕು, ತೇವಾಂಶ ನೋಡ್ಬೇಕು, ಆರು ಬುಶಿಂಗ್‌ಗೂ ಪವರ್ ಫ್ಯಾಕ್ಟರ್ ಟೆಸ್ಟ್, ಟ್ರಾವೆಲ್ ಕರ್ವ್, ಆಮೇಲೆ ಸಿಟಿ ಟೆಸ್ಟು ಬೇರೆ. ಮತ್ತೆ ಗ್ಯಾಸಿನ ಪಾಪಭಾರವೂ ಇದೆ. ಎಸ್‌ಎಫ್6 ಒಂದು ಕಿಲೋ ಸೋರಿದ್ರೆ ಅದು 23,500 ಕಿಲೋ ಕಾರ್ಬನ್ ಡೈಆಕ್ಸೈಡಿಗೆ ಸಮ ಅಂತ ಲೆಕ್ಕ. ಬ್ರೇಕರ್‌ನಲ್ಲಿ ಹತ್ತಾರು ಕಿಲೋ ಇರುತ್ತೆ, ಸ್ವಿಚರ್‌ನಲ್ಲಿ ಅದರ ಒಂದು ಪಾಲು ಅಷ್ಟೇ. ಕ್ಯಾಲಿಫೋರ್ನಿಯಾದಲ್ಲಿ ಎಸ್‌ಎಫ್6 ಇರೋ ಹೊಸ ಸಾಮಾನು ಹಂತ ಹಂತವಾಗಿ ನಿಲ್ಲಿಸೋ ರೂಲ್ ಬಂದಿದೆ, ಇಲ್ಲಿ ನಾವು ಪ್ರತಿ ಸಿಲಿಂಡರ್ ತೂಕ ಹಾಕಿ ಬರ್ಕೊಳ್ತೀವಿ.

ಇನ್ನು ಕಿಲೋ ಆಂಪ್ ವಿಷ್ಯ ನಾನು ಆಮೇಲಿಗೆ ಇಟ್ಟಿದ್ದು ಅದು ಮುಖ್ಯ ಅಲ್ಲ ಅಂತಲ್ಲ. ನಾನು ಮುಂಚೆ ಕೆಲ್ಸ ಮಾಡಿದ ಒಂದು ಕಡೆ ಹಳೇ ಸ್ವಿಚರ್ ಇತ್ತು, ನೇಮ್‌ಪ್ಲೇಟ್ ಮೇಲೆ 8 ಕೆಎ. ಹಾಕಿದಾಗ ಆ ಜಾಗದ ಫಾಲ್ಟ್ ಲೆವೆಲ್ 6ರ ಹತ್ರ ಇದ್ದಿರ್ಬೇಕು. ಆಮೇಲೆ ಪಕ್ಕದಲ್ಲಿ 345 ಕೆವಿ ಸ್ಟೇಷನ್ ಬಂತು, 115ಕ್ಕೆ ಹೊಸ ಆಟೋ ಟ್ರಾನ್ಸ್‌ಫಾರ್ಮರ್ ಬಂತು, ಫಾಲ್ಟ್ ಲೆವೆಲ್ 11 ದಾಟಿತ್ತು, ಆದ್ರೆ ಸ್ವಿಚರ್ ಕಡೆ ಯಾರೂ ತಿರುಗಿ ನೋಡಿರ್ಲಿಲ್ಲ. ಇದಕ್ಕೆ ಒಂದು ಹಳೇ ಉಪಾಯ ಇದೆ, ಡಿಫರೆನ್ಷಿಯಲ್ಲೋ ಪ್ರೆಶರ್ ರಿಲೇನೋ ಟ್ರಿಪ್ ಕೊಟ್ಟಾಗ ಕರೆಂಟ್ ಸ್ವಿಚರ್ ತಾಳೋ ಮಟ್ಟಕ್ಕಿಂತ ಜಾಸ್ತಿ ಇದ್ರೆ ಒಂದು ಓವರ್‌ಕರೆಂಟ್ ಎಲಿಮೆಂಟ್ ಆ ಟ್ರಿಪ್ಪನ್ನ ತಡೆ ಹಿಡಿಯುತ್ತೆ, ದೂರದ ಬ್ರೇಕರ್ ಲೈನ್ ತೆಗೆದ ಮೇಲೆ ಸ್ವಿಚರ್ ನಿಧಾನಕ್ಕೆ ಓಪನ್ ಆಗುತ್ತೆ. ಅಲ್ಲಿ ಆ ಎಲಿಮೆಂಟ್ ಡ್ರಾಯಿಂಗ್‌ನಲ್ಲಿತ್ತು, ರಿಲೇ ಬದಲಾಯಿಸಿದಾಗ ಹೊಸ ಸೆಟ್ಟಿಂಗ್ ಫೈಲ್‌ನಲ್ಲಿ ಬಿಟ್ಟೋಗಿತ್ತು. ನಾನು ಎತ್ತಿ ತೋರ್ಸಿದಾಗ ಇಷ್ಟು ವರ್ಷ ಏನೂ ಆಗಿಲ್ವಲ್ಲ ಅನ್ನೋ ಉತ್ತರ ಬಂತು. ನನಗೆ ತುಂಬಾ ಬೇಜಾರಾಯ್ತು, ಅದರ ಪಕ್ಕದಲ್ಲೇ ಜನ ಸ್ವಿಚಿಂಗ್ ಮಾಡಕ್ಕೆ ನಿಲ್ತಾರೆ, ತಾಳದ ಕರೆಂಟ್ ಕಟ್ ಮಾಡಕ್ಕೆ ಹೋಗಿ ಪಿಂಗಾಣಿ ಸಿಡಿದ್ರೆ ಅದರ ಚೂರು ಕತ್ತಿ ಇದ್ದ ಹಾಗೆ. ಮೂರು ತಿಂಗಳು ಬೆನ್ನು ಬಿದ್ದು ಸೆಟ್ಟಿಂಗ್ ಹಾಕ್ಸಿದ್ವಿ, ಎರಡು ವರ್ಷಕ್ಕೆ ಅದನ್ನ ತೆಗೆದು ಬ್ರೇಕರ್ ಕೂರಿಸಿದ್ರು. ಈಗ ಬರೋ ಸ್ವಿಚರ್‌ಗಳಲ್ಲಿ 25, 31.5 ಕೆಎಯವೂ ಇವೆ, ಹೊಸದಾಗಿ ಹಾಕೋರಿಗೆ ಈ ಭಯ ಕಮ್ಮಿ, ಹಳೇದು ಇಟ್ಕೊಂಡಿರೋರು ಮಾತ್ರ ನೇಮ್‌ಪ್ಲೇಟೂ ಈಗಿನ ಶಾರ್ಟ್ ಸರ್ಕಿಟ್ ಸ್ಟಡಿಯೂ ಪಕ್ಕ ಪಕ್ಕ ಇಟ್ಟು ಇವತ್ತೇ ನೋಡಿ.

ಸ್ಪೀಡ್ ಬಗ್ಗೆ: ಇಲ್ಲಿ 60 ಹರ್ಟ್ಸ್, ಒಂದು ಸೈಕಲ್ ಅಂದ್ರೆ 16.7 ಮಿಲಿಸೆಕೆಂಡ್. ನಮ್ ಬ್ರೇಕರ್ 3 ಸೈಕಲ್, ನಮ್ ಸ್ವಿಚರ್ 6 ಸೈಕಲ್. ವ್ಯತ್ಯಾಸ 50 ಮಿಲಿಸೆಕೆಂಡ್. ಟ್ರಾನ್ಸ್‌ಫಾರ್ಮರ್ ಒಳಗೆ ದೊಡ್ಡ ಆರ್ಕ್ ಆದ್ರೆ ಆ 50 ಮಿಲಿಸೆಕೆಂಡೂ ಟ್ಯಾಂಕ್‌ಗೆ ಭಾರಾನೇ, ಆದ್ರೆ ಲೋ ಸೈಡ್ ಫಾಲ್ಟ್‌ಗೆ ನನಗೆ ಇದೊಂದು ಕಾರಣಕ್ಕೆ ಬ್ರೇಕರ್ ಬೇಕು ಅಂತ ಯಾವತ್ತೂ ಅನ್ಸಿಲ್ಲ. ದೂರದ ಲೈನ್ ರಿಲೇಯ ಝೋನ್ 2 ಟೈಮರ್ (ಲೈನ್ ಆಚೆಗಿನ ಫಾಲ್ಟ್‌ಗೆ ಸ್ವಲ್ಪ ಕಾದು ಟ್ರಿಪ್ ಕೊಡೋದು) ಜೊತೆ ಕೋಆರ್ಡಿನೇಷನ್ ನೋಡುವಾಗ ಮಾತ್ರ ಸ್ವಿಚರ್‌ನ ಆ ನಿಧಾನವನ್ನ ಲೆಕ್ಕಕ್ಕೆ ಸೇರಿಸ್ಲೇಬೇಕು.

ಲೈನ್‌ಗೆ ಪವರ್ ಕೊಡೋ ತುದೀಲಿ, ಲೈನನ್ನೇ ಕಟ್ ಮಾಡಕ್ಕೆ ಸ್ವಿಚರ್ ಹಾಕೋ ಮಾತೇ ಬೇಡ. ರಿಕ್ಲೋಸಿಂಗ್ ಇರೋ ಕಡೆ ಬ್ರೇಕರ್ರೇ.

ವೋಲ್ಟೇಜ್ ಎತ್ತಿ ಹಿಡಿಯೋ ಕೆಪಾಸಿಟರ್ ಬ್ಯಾಂಕ್‌ಗೆ ತದ್ವಿರುದ್ಧ, ಅಲ್ಲಿ ನನ್ನ ಓಟು ಸ್ವಿಚರ್‌ಗೆ. ಬ್ಯಾಂಕ್ ದಿನಕ್ಕೆ ಎರಡು ಸಲ ಆನ್ ಆಫ್ ಆಗುತ್ತೆ, ಹಾಗೇ ಕ್ಲೋಸ್ ಮಾಡಿದ್ರೆ ವೋಲ್ಟೇಜ್ ಒಂದು ಕ್ಷಣ ಎರಡರಷ್ಟರ ತನಕ ಹಾರಬಹುದು, ಊರಲ್ಲಿರೋ ಫ್ಯಾಕ್ಟರಿಯ ಡ್ರೈವ್‌ಗಳು ಟ್ರಿಪ್ ಆಗಿ ಅವರು ಫೋನ್ ಮಾಡ್ತಾರೆ. ಪ್ರೀಇನ್ಸರ್ಷನ್ ಇಂಡಕ್ಟರ್ ಇಲ್ಲಾ ರೆಸಿಸ್ಟರ್ ಇರೋ ಸ್ವಿಚರ್ ಆ ಏಟನ್ನ ನುಂಗುತ್ತೆ. ಬ್ರೇಕರ್‌ಗೆ ಪಾಯಿಂಟ್ ಆನ್ ವೇವ್ ಕಂಟ್ರೋಲರ್ ಹಾಕಿಯೂ ನೋಡಿದ್ವಿ, ವೋಲ್ಟೇಜ್ ಸೊನ್ನೆ ದಾಟೋ ಕ್ಷಣಕ್ಕೆ ಸರಿಯಾಗಿ ಕ್ಲೋಸ್ ಮಾಡೋದು ಅದು, ಬೇಸಿಗೇಲಿ ಚೆನ್ನಾಗಿ ಕೆಲ್ಸ ಮಾಡ್ತು, ಚಳಿಗಾಲದಲ್ಲಿ ಮೆಕ್ಯಾನಿಸಮ್ ಟೈಮ್ ಸ್ವಲ್ಪ ಜಾರಿ ಮತ್ತೆ ಟ್ಯೂನ್ ಮಾಡ್ಬೇಕಾಯ್ತು. ಬ್ಯಾಂಕ್‌ನಲ್ಲೇ ದೊಡ್ಡ ಫಾಲ್ಟ್ ಆದ್ರೆ ಅದಕ್ಕೆ ಹಿಂದೆ ಬಸ್ಸಲ್ಲಿ ಬ್ರೇಕರ್ ಹೇಗೂ ಇದೆ.

ಈಗ ನಮ್ ಕೈಲಿರೋದು ಎರಡು ಸ್ಟೇಷನ್. ಅರೆಸ್ಟರ್ ಸೀಳಿದ ಸ್ಟೇಷನ್‌ಗೆ ಬ್ರೇಕರ್ ಅಂತ ತೀರ್ಮಾನ ಆಗಿದೆ, ಯಾಕಂದ್ರೆ ಆ ಲೈನ್ ಮೇಲೆ ಎರಡು ಊರು, ಒಂದು ಹಾಲಿನ ಪ್ಲಾಂಟ್ ಇದೆ, ನಮ್ ಬೇಲಿ ಒಳಗಿನ ತಪ್ಪಿಗೆ ಅವ್ರು ಕತ್ತಲಲ್ಲಿ ಇರಬಾರ್ದು. ಇನ್ನೊಂದು ಸ್ಟೇಷನ್ ಬೇರೆ ಲೈನ್‌ನ ಕೊನೆಯಲ್ಲಿರೋದು, ಆ ಲೈನ್ ಮೇಲೆ ಬೇರೆ ಯಾರೂ ಇಲ್ಲ, ಅರೆಸ್ಟರ್ ಹೋದ್ರೆ ಲೈನೂ ಹೋಗುತ್ತೆ, ಆದ್ರೆ ಟ್ರಾನ್ಸ್‌ಫಾರ್ಮರ್ ಹೇಗೂ ನಿಲ್ಲೋದೇ ಅಲ್ವಾ, ಅಲ್ಲಿ 31.5 ಕೆಎ ಸ್ವಿಚರ್. ಸ್ನೇಹಿತನಿಗೆ ಇದನ್ನ ಹೇಳ್ದಾಗ ಅವ್ನು ಸ್ವಲ್ಪ ಹೊತ್ತು ಸುಮ್ನಿದ್ದು "ಹಂಗಾದ್ರೆ ನಮ್ ಸಿಟಿ ಸ್ಟ್ರಕ್ಚರ್ ಇಷ್ಟು ದಿನ ಒಳ್ಳೇ ಕೆಲ್ಸಾನೇ ಮಾಡ್ತಿದೆ ಕಣೋ" ಅಂದ. ಹೌದು ಅಂದೆ. ಬ್ರೇಕರ್‌ದು ಫೌಂಡೇಷನ್ ಡ್ರಾಯಿಂಗ್ ನಾಳೆ ಕಳಿಸ್ಬೇಕು, ನವೆಂಬರ್ ಬಂದ್ರೆ ಇಲ್ಲಿ ನೆಲ ಹೆಪ್ಪುಗಟ್ಟಕ್ಕೆ ಶುರುವಾಗುತ್ತೆ, ಅಷ್ಟ್ರಲ್ಲಿ ಕಾಂಕ್ರೀಟ್ ಬಿದ್ದಿರ್ಬೇಕು.